ಫ್ರೆಂಡ್ ಹೆಂಡ್ತಿಗೆ ಹೊಡೀತಾನೆ ಅಂತ ಗೊತ್ತಾದ್ಮೇಲೆ ನಾವು ಗಂಡಸರು ಏನ್ ಮಾಡ್ಬೇಕು?

ಲೆಗ್‌ಸ್ಪಿನ್ ಲೋಕಿ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಓದಿ. ನಮ್ದೊಂದು ಭಾನುವಾರದ ಟೆನಿಸ್ ಬಾಲ್ ಕ್ರಿಕೆಟ್ ಟೀಮ್ ಇದೆ, ಬ್ಯಾಂಕಿನೋರು, ಮೆಡಿಕಲ್ ರೆಪ್, ಅಂಗಡಿ ಇಟ್ಕೊಂಡಿರೋರು ಎಲ್ಲಾ ಸೇರಿ ಆಡೋದು. ಅದ್ರಲ್ಲಿ ಒಬ್ಬ ಮನೇಲಿ ಹೆಂಡ್ತಿಗೆ ಹೊಡೀತಾನೆ ಅಂತ ಇನ್ನೊಬ್ಬ ಪ್ಲೇಯರ್ ಹೆಂಡ್ತಿ ಕಡೆಯಿಂದ ಗೊತ್ತಾಯ್ತು. ಒಂದ್ಸಲ ಅಲ್ಲ, ನಡೀತಾನೇ ಇದೆಯಂತೆ. ತಮಾಷೆ ಅಂದ್ರೆ ಯಾರಿಗಾದ್ರೂ ರಕ್ತ ಬೇಕು ಅಂತ ಗ್ರೂಪಲ್ಲಿ ಮೆಸೇಜ್ ಬಂದ್ರೆ ಮೊದ್ಲು ಗಾಡಿ ತೆಗೆಯೋನು ಇವ್ನೇ. ಟೀಮ್ ಟ್ರಿಪ್ ಹೋಗಿದ್ದಾಗ "ಎರಡು ಬಿಟ್ರೆ ಒಂದು ವಾರ ಸೈಲೆಂಟಾಗಿರ್ತಾಳೆ" ಅಂತ ಎಲ್ರ ಮುಂದೆ ಅಂದ, ನಾಲ್ಕು ಜನ ನಕ್ರು, ಯಾರೋ ಚಿಪ್ಸ್ ಪ್ಯಾಕೆಟ್ ಪಾಸ್ ಮಾಡಿದ್ರು, ಟಾಪಿಕ್ ಬದಲಾಯ್ತು. ಕ್ಯಾಪ್ಟನ್‌ಗೆ ಹೇಳಿದ್ರೆ "ಅದು ಅವ್ನ ಪರ್ಸನಲ್ ಮ್ಯಾಟ್ರು ಮಗಾ" ಅಂತಾನೆ. ನೇರ ಕೇಳ್ಬೇಕಾ, ಟೀಮಿಂದ ತೆಗೀಬೇಕಾ, ಪೊಲೀಸ್‌ಗೆ ಹೇಳ್ಬೇಕಾ? ಸುಮ್ನಿರಿ ಅನ್ನೋರು ದಯವಿಟ್ಟು ಕಾರಣ ಕೊಟ್ಟು ಹೇಳಿ.

ಗೌಡ್ರ ಗತ್ತು
ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮಧ್ಯ ಹೋದ್ರೆ ನಾಳೆ ಅವ್ರಿಬ್ರೂ ಒಂದಾಗ್ತಾರೆ, ಕೆಟ್ಟೋನು ನೀನಾಗ್ತೀಯ. ಕಾರಣ ಕೇಳಿದ್ರಲ್ಲ, ಇದೇ ಕಾರಣ.

ಕಾಫಿ ಹೂವು
ಗೌಡ್ರೇ, ಜಗಳ ಬೇರೆ ಹೊಡೆತ ಬೇರೆ. ಜಗಳದಲ್ಲಿ ಇಬ್ರೂ ಕೂಗಾಡ್ತಾರೆ, ಇಲ್ಲಿ ಒಬ್ರು ಮಾತ್ರ ಏಟು ತಿಂತಿದಾರೆ. ನಾನು ಆರೋಗ್ಯ ಇಲಾಖೆ ಕೆಲ್ಸದಲ್ಲಿ ಮನೆಮನೆ ತಿರುಗೋಳು, ಈ ಗಾದೆ ಎಷ್ಟು ಮನೇಲಿ ಕೇಳಿದೀನೋ ಲೆಕ್ಕ ಇಲ್ಲ, ಹೆಚ್ಚಾಗಿ ಅತ್ತೇರ ಬಾಯಲ್ಲಿ.

ಸುಮ್ನೆ ಬಾಯಿಮಾತಲ್ಲ, ನಂಬರ್ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ 44.4% ಜನ ಗಂಡನಿಂದ ಹಿಂಸೆ ಅನುಭವಿಸಿದೀವಿ ಅಂದಿದಾರೆ. ಇಡೀ ದೇಶದಲ್ಲೇ ನಾವೇ ಫಸ್ಟ್, ದೇಶದ ಸರಾಸರಿ 29.3%. ಅದರ ಹಿಂದಿನ ಸಮೀಕ್ಷೇಲಿ ನಮ್ಮದು 20.6% ಇತ್ತು. ಕೇಳೋ ರೀತಿ ಸುಧಾರಿಸ್ತೋ ಹೇಳೋ ಧೈರ್ಯ ಬಂತೋ ಹೊಡೆತವೇ ಜಾಸ್ತಿ ಆಯ್ತೋ ಅಂತ ವಾದ ಮಾಡ್ಬೋದು, ಆದ್ರೆ ಹತ್ತು ಮನೇಲಿ ನಾಲ್ಕು ಅಂದ್ರೆ ಲೋಕಿಯವರ ಟೀಮಲ್ಲಿ ಇವ್ನೊಬ್ಬನೇ ಅಂತ ನಂಬೋಕಾಗಲ್ಲ.

ಅದೇ ಸಮೀಕ್ಷೇಲಿ ಏಳು ಕಾರಣ ಕೊಟ್ಟು, ಇದಕ್ಕೆ ಗಂಡ ಹೊಡೆದ್ರೆ ಸರಿನಾ ಅಂತ ಕೇಳ್ತಾರೆ. ಹೇಳ್ದೆ ಹೊರಗೆ ಹೋದ್ರೆ, ಎದುರು ಮಾತಾಡಿದ್ರೆ, ಅಡುಗೆ ಸರಿಯಾಗಿ ಮಾಡ್ದಿದ್ರೆ, ಅತ್ತೆಮಾವಂಗೆ ಮರ್ಯಾದೆ ಕೊಡ್ದಿದ್ರೆ, ಹೀಗೆ. ಒಂದು ಕಾರಣಕ್ಕಾದ್ರೂ ಸರಿ ಅಂದ ಗಂಡಸರು ನಮ್ಮ ರಾಜ್ಯದಲ್ಲಿ 81.9%, ಹೆಂಗಸರು 76.9%. ಹಿಮಾಚಲದಲ್ಲಿ ಗಂಡಸರು 14.2% ಮಾತ್ರ. ಅವ್ರೂ ನಮ್ಮ ಹಾಗೇ ಮನುಷ್ಯರೇ ತಾನೇ, ಅಲ್ಲೇನು ಸಾರಿಗೆ ಉಪ್ಪು ಜಾಸ್ತಿ ಆಗಲ್ವಾ?

ಟೆಕ್ಕಿ ತಿಮ್ಮ
ಕುಡಿತ ಬಿಡ್ಸಿ ಸಾರ್, ಅರ್ಧ ಪ್ರಾಬ್ಲಂ ಸಾಲ್ವ್. ಎಣ್ಣೆ ಒಳಗೆ ಹೋದ್ಮೇಲೆ ಯಾರಿಗೂ ಕಂಟ್ರೋಲ್ ಇರಲ್ಲ.

ಕಾಫಿ ಹೂವು
@ಟೆಕ್ಕಿ ತಿಮ್ಮ ಅರ್ಧ ನಿಜ. ಅದೇ ಸಮೀಕ್ಷೆ ಪ್ರಕಾರ ಗಂಡ ಆಗಾಗ ಕುಡಿದು ಬರೋ ಮನೆಗಳಲ್ಲಿ 70% ಹೆಂಗಸರು ಏಟು ತಿಂದಿದಾರೆ, ಇದು ಇಡೀ ದೇಶದ ಲೆಕ್ಕ. ಆದ್ರೆ ಗಂಡ ಕುಡಿಯೋದೇ ಇಲ್ಲ ಅನ್ನೋ ಮನೇಲೂ 23%. ಅವ್ರಿಗೆ ಯಾವ ಎಣ್ಣೆ ಕಾರಣ? ಇನ್ನೊಂದು, ಕುಡಿದು ಕಂಟ್ರೋಲ್ ತಪ್ಪಿದೋನು ಬಾರಲ್ಲಿ ತನಗಿಂತ ದಪ್ಪ ಇರೋನಿಗೆ ಯಾಕೆ ಹೊಡಿಯಲ್ಲ, ಮ್ಯಾನೇಜರ್‌ಗೆ ಯಾಕೆ ಹೊಡಿಯಲ್ಲ, ಮನೆ ತನಕ ಕಂಟ್ರೋಲ್ ಇಟ್ಕೊಂಡು ಬಂದು ಬಾಗ್ಲು ಹಾಕ್ಕೊಂಡ್ಮೇಲೆ ಮಾತ್ರ ಯಾಕೆ ತಪ್ಪುತ್ತೆ?

ಟೆಕ್ಕಿ ತಿಮ್ಮ
ಪಾಯಿಂಟು.

ನ್ಯಾಯ ಎಲ್ರಿಗೂ
ಒನ್ ಸೈಡೆಡ್ ಥ್ರೆಡ್. ಕೇಳಿದ್ದು ಯಾರೋ ಯಾರಿಗೋ ಹೇಳಿದ್ದು, ಪ್ರೂಫ್ ಏನಿದೆ? 2024 ಡಿಸೆಂಬರಲ್ಲಿ ಬೆಂಗಳೂರಲ್ಲೊಬ್ಬ ಟೆಕ್ಕಿ ಹೆಂಡ್ತಿ ಕಡೆಯೋರ ಕೇಸುಗಳಿಂದ ನೊಂದಿದೀನಿ ಅಂತ ವಿಡಿಯೋ ಮಾಡಿಟ್ಟು ಜೀವ ಕಳ್ಕೊಂಡ, ಆಗ ಎಲ್ಲಿದ್ರಿ ಎಲ್ರೂ? 498ಎ, ಅಂದ್ರೆ ಗಂಡ, ಗಂಡನ ಮನೆಯೋರು ಹಿಂಸೆ ಕೊಟ್ರು ಅನ್ನೋ ಕೇಸು, ಹಾಕಿ ವಯಸ್ಸಾದ ಅಪ್ಪ ಅಮ್ಮನ್ನೂ ಜೈಲಿಗೆ ಕಳಿಸ್ತಾರೆ. ಲೋಕಿ, ಫ್ರೆಂಡ್ ಜೀವನ ಹಾಳು ಮಾಡ್ಬೇಡ.

ಕೋರ್ಟ್ ಹಾಲ್ 7
ವಕೀಲಿಕೆ ಮಾಡ್ತೀನಿ, ಎರಡೂ ಕಡೆ ಕೇಸ್ ನಡೆಸಿದೀನಿ. ಸುಳ್ಳು ಕೇಸ್ ಇರೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಕಂಪ್ಲೇಂಟ್ ಕೊಟ್ಟ ತಕ್ಷಣ ಮನೆಮಂದಿನೆಲ್ಲ ಎತ್ತಾಕೊಂಡು ಹೋಗೋದು ಹಳೇ ಮಾತು. 2014ರಲ್ಲಿ ಅರ್ನೇಶ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್, ಅರೆಸ್ಟ್ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೀಬೇಕು, ಇಲ್ದಿದ್ರೆ ನೋಟಿಸ್ ಕೊಟ್ಟು ಕರೀಬೇಕು ಅಂತ ಹೇಳಿದೆ. 498ಎ ಈಗ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 85ನೇ ಸೆಕ್ಷನ್ ಆಗಿದೆ, 2024 ಜುಲೈ 1ರಿಂದ. ಮತ್ತೆ ಈ ಥ್ರೆಡ್ಡಲ್ಲಿ ಯಾರೂ ಕೇಸ್ ಹಾಕಿ ಅಂದೇ ಇಲ್ಲ. ಫ್ರೆಂಡಾಗಿ ಏನ್ ಮಾಡ್ಲಿ ಅಂತ ಕೇಳಿದಾರೆ, ನೀವು ಸೀದಾ ಜೈಲಿಗೆ ಹೋದ್ರಿ.

ಕಾನೂನು ಏನ್ ಹೇಳುತ್ತೆ ನೋಡಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರದ್ದು, ಜಾರಿಗೆ ಬಂದಿದ್ದು 2006 ಅಕ್ಟೋಬರ್ 26. ಅದರ 4ನೇ ಸೆಕ್ಷನ್ ಜನಕ್ಕೆ ಗೊತ್ತೇ ಇಲ್ಲ. ಹಿಂಸೆ ನಡೆದಿದೆ, ನಡೀತಿದೆ, ಇಲ್ಲಾ ನಡೆಯೋ ಹಾಗಿದೆ ಅಂತ ನಂಬೋಕೆ ಕಾರಣ ಇರೋ ಯಾರು ಬೇಕಾದ್ರೂ ಸಂರಕ್ಷಣಾ ಅಧಿಕಾರಿಗೆ ತಿಳಿಸ್ಬೋದು. ಹೆಂಡ್ತಿನೇ ಹೋಗ್ಬೇಕು ಅಂತಿಲ್ಲ, ನೆಂಟ್ರಾಗಿರ್ಬೇಕು ಅಂತಲೂ ಇಲ್ಲ. ಒಳ್ಳೇ ಉದ್ದೇಶದಿಂದ ಹೇಳಿದ್ರೆ ಹೇಳಿದೋರ ಮೇಲೆ ಸಿವಿಲ್ಲು ಕ್ರಿಮಿನಲ್ಲು ಯಾವ ಹೊಣೆಯೂ ಬರಲ್ಲ. ನಮ್ಮಲ್ಲಿ ಆ ಅಧಿಕಾರಿ ಅಂದ್ರೆ ಸಾಮಾನ್ಯವಾಗಿ ಸಿಡಿಪಿಓ, ಅಂಗನವಾಡಿ ನೋಡ್ಕೊಳ್ಳೋ ಆಫೀಸು ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ. ಈ ಕಾಯ್ದೇಲಿ ಮೊದ್ಲು ಕೋರ್ಟ್ ಕೊಡೋದು ಜೈಲಲ್ಲ, ಹೊಡೀಬೇಡ, ಮನೆಯಿಂದ ಹೊರಗೆ ಹಾಕ್ಬೇಡ, ಖರ್ಚಿಗೆ ಕೊಡು ಅನ್ನೋ ಆದೇಶ. ಆದೇಶ ಮುರಿದ್ರೆ ಆಮೇಲೆ ಶಿಕ್ಷೆ. 60 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಬರೆದಿದೆ, ಬರೆದಿದೆ ಅಷ್ಟೇ, ಕೋರ್ಟ್ ನೋಡಿದೋರಿಗೆ ಗೊತ್ತು.

ಈಗಲೇ ಹೊಡೀತಿದಾನೆ, ಕಿರುಚಾಟ ಕೇಳ್ತಿದೆ ಅಂದ್ರೆ 112. ಸಲಹೆ, ಕೌನ್ಸೆಲಿಂಗ್, ಇರೋಕೆ ಜಾಗ ಬೇಕು ಅಂದ್ರೆ ಮಹಿಳಾ ಸಹಾಯವಾಣಿ 181.

ಕಡಲ ತಡಿ ಅಕ್ಕ
ವಕೀಲ್ರು ಹೇಳಿದ್ದು ಸರಿ ಉಂಟು, ಆದ್ರೆ ಲೋಕಿಯವ್ರೇ ಒಂದು ನಿಮಿಷ. ನೀವು ಸೀದಾ ಹೋಗಿ "ನೀನು ಹೆಂಡ್ತಿಗೆ ಹೊಡೀತಿಯಂತೆ" ಅಂತ ಕೇಳಿದ್ರೆ ಅವ ಮೊದ್ಲು ಯೋಚನೆ ಮಾಡೋದು ಎಂತ? ಇವನಿಗೆ ಯಾರು ಹೇಳಿದ್ದು ಅಂತ. ಆಮೇಲೆ ಮನೆಗೆ ಹೋಗಿ ಅದನ್ನೇ ಅವಳತ್ರ ಕೇಳ್ತಾನೆ, ಹೇಗೆ ಕೇಳ್ತಾನೆ ಅಂತ ನಾನು ಬರೀಬೇಕಾ? ನನ್ನ ಅಕ್ಕನ ಮನೇಲಿ ಹೀಗೇ ಆದದ್ದು ಮಾರಾಯ್ರೆ. ಭಾವನ ಫ್ರೆಂಡ್ಸು ಇಬ್ರು ಒಳ್ಳೇ ಮನಸ್ಸಿಂದಲೇ ಬಂದು ಬುದ್ಧಿ ಹೇಳಿ, ಚಾ ಕುಡ್ದು ಹೋದ್ರು. ಆ ರಾತ್ರಿ ಅಕ್ಕನ ಫೋನ್ ಒಡೆದು ಹಾಕಿ ಆಯ್ತು, ಅಮ್ಮನ ಮನೆಗೆ ಹೋಗೋದು ಬಂದ್ ಆಯ್ತು.

ಹಾಗಾಗಿ ಅವಳು ಹೇಳಿದ್ದನ್ನ ಯಾವತ್ತೂ ಆಯುಧ ಮಾಡ್ಬೇಡಿ. ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ ಹಿಡ್ಕೊಳ್ಳಿ. ಟ್ರಿಪ್ಪಲ್ಲಿ ಅವನೇ ಬಾಯಿ ಬಿಟ್ಟು ಹೇಳಿದ್ದಾನಲ್ಲ, ಅದು ಸಾಕು. "ಆವತ್ತು ನೀ ಹೇಳಿದ್ದು ನಂಗೆ ಸರಿ ಕಾಣ್ಲಿಲ್ಲ" ಅಂತ ಶುರು ಮಾಡಿ, ಒಬ್ಬನೇ ಇದ್ದಾಗ, ಕುಡಿಯದೇ ಇದ್ದಾಗ. ಹತ್ತು ಜನದ ಮುಂದೆ ಕೇಳಿದ್ರೆ ಅವನಿಗೆ ಮರ್ಯಾದೆ ಪ್ರಶ್ನೆ ಆಗ್ತದೆ, ಅದ್ರ ಬಡ್ಡಿ ಅವಳು ಕಟ್ಟೋದು.

ಅವಳಿಗೆ ಎಂತ ಬೇಕು ಅಂತ ಆ ಇನ್ನೊಬ್ರ ಹೆಂಡ್ತಿ ಮೂಲಕ ಕೇಳಿ ನೋಡಿ. ಬಿಟ್ಟು ಬರ್ಬೇಕು ಅಂತ ಅವಳು ಹೇಳದೆ ನೀವು ತೀರ್ಮಾನ ಮಾಡೋದಲ್ಲ.

ನ್ಯಾಯ ಎಲ್ರಿಗೂ
ಇದನ್ನ ಒಪ್ತೀನಿ. ಮೊದಲೇ ಹೀಗೆ ಹೇಳಿದ್ರೆ ನಾನ್ಯಾಕೆ ಜಗಳ ಆಡ್ತಿದ್ದೆ.

ಬೆಳಗಾವಿ ಕುಂದಾ
ನಾ ಒಂದ್ ಮಾತ್ ಕೇಳ್ತೇನ್ರೀ. "ನಮಗ್ಯಾಕ ಊರ ಉಸಾಬರಿ" ಅನ್ನೂದು ಎಲ್ಲಿಗ್ ಹೋಗಿ ನಿಲ್ತೈತಿ? ನಮ್ಮ ಬೆಳಗಾವಿ ಬಾಜೂಕ ಹೊಸ ವಂಟಮೂರಿ ಐತಲ್ಲ, 2023 ಡಿಸೆಂಬರ್ 11, ಇನ್ನೂ ಬೆಳಕ ಹರದಿದ್ದಿಲ್ಲ. ಮಗ ಒಂದ್ ಹುಡುಗಿನ್ನ ಕರ್ಕೊಂಡ್ ಹೋದ ಅನ್ನೂ ಸಿಟ್ಟಿಗೆ ಆ ಮಗನ ತಾಯಿನ್ನ ಮನಿಯಿಂದ ಎಳದು, ಬಟ್ಟಿ ಬಿಚ್ಚಿಸಿ, ಮೆರವಣಿಗಿ ಮಾಡಿ, ಕಂಬಕ್ಕ ಕಟ್ಟಿ ಹೊಡದ್ರು. ಸುವರ್ಣ ಸೌಧದಾಗ ಅಧಿವೇಶನ ನಡದಿತ್ತು, ಇಡೀ ಸರ್ಕಾರನ ಬೆಳಗಾವಿಯೊಳಗಿತ್ತು.

ಹೈಕೋರ್ಟ್ ತಾನಾಗೇ ಕೇಸ್ ಎತ್ಕೊಂತು, ಆಗ ಮುಖ್ಯ ನ್ಯಾಯಮೂರ್ತಿ ವರಾಳೆ ಸಾಹೇಬ್ರು. ಅಲ್ಲಿ ನಿಂತು ನೋಡಿದಾವ್ರು 50-60 ಮಂದಿ, ಬಿಡಸಾಕ ಹೋದಾವ ಒಬ್ಬನ ಒಬ್ಬ, ಅವ್ನೂ ಏಟು ತಿಂದ. ಕೋರ್ಟು ಹೊಡದಾವ್ರ ಬಗ್ಗೆ ಅಷ್ಟ ಅಲ್ಲ, ನಿಂತು ನೋಡಿದಾವ್ರ ಬಗ್ಗೆನೂ ಸಿಟ್ಟಾತು, ಇದು ಊರ ಮಂದಿ ಒಟ್ಟಾಗಿ ತೋರಿಸಿದ ಹೇಡಿತನ ಅಂತು. ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಕಾಲಕ್ಕ ತಪ್ಪು ನಡದ ಊರಿಗೇ ದಂಡ ಹಾಕ್ತಿದ್ರು ಅನ್ನೂದನ್ನೂ ನೆನಪು ಮಾಡ್ತು.

ನಮ್ ಕಡೆ ಕಟ್ಟಿ ಮ್ಯಾಲ ಕುಂತು ದೇಶದ ರಾಜಕಾರಣ ಎಲ್ಲಾ ಮಾತಾಡ್ತೇವಿ. ಹೆಂಡ್ತಿ ಮಾತ್ ಕೇಳಿದಾವ್ಗ "ಬಳಿ ತೊಟ್ಕೋಲೇ" ಅಂತೇವಿ. ಮತ್ತ ಅವತ್ತ ನಿಂತು ನೋಡಿದ ಗಂಡಸ್ರಿಗೆ ಏನ್ ತೊಡಸೂಣ್ರಿ?

ಮಾಂಟ್ರಿಯಲ್ ಮಂಜ
ಬೆಳಗಾವಿಯವ್ರೇ, ನಾನಿರೋ ಊರಿನ ಕಥೆ ಹೇಳ್ಲೇಬೇಕು ಅನ್ನಿಸ್ತು. 1989 ಡಿಸೆಂಬರ್ 6, ಇಲ್ಲಿನ ಎಕೋಲ್ ಪಾಲಿಟೆಕ್ನೀಕ್ ಅನ್ನೋ ಇಂಜಿನಿಯರಿಂಗ್ ಕಾಲೇಜಿಗೆ ಒಬ್ಬ ಗನ್ ಹಿಡ್ಕೊಂಡು ನುಗ್ಗಿದ. ಕ್ಲಾಸಲ್ಲಿ ಹುಡುಗ್ರನ್ನ ಒಂದ್ಕಡೆ ಹುಡುಗೀರನ್ನ ಒಂದ್ಕಡೆ ನಿಲ್ಲಿಸಿ, ಹುಡುಗ್ರನ್ನೆಲ್ಲ ಹೊರಗೆ ಕಳಿಸಿ, ನೀವು ಫೆಮಿನಿಸ್ಟುಗಳು ಅಂತ ಹೇಳಿ ಗುಂಡು ಹಾರಿಸ್ದ. ಒಟ್ಟು 14 ಹೆಂಗಸರು ಸತ್ರು. ಈಗ್ಲೂ ಪ್ರತಿ ವರ್ಷ ಅವತ್ತು ಸಂಜೆ ಗುಡ್ಡದ ಮೇಲಿಂದ ಆಕಾಶಕ್ಕೆ 14 ಲೈಟ್ ಬಿಡ್ತಾರೆ, ಚಳಿ ಅಂದ್ರೆ ಚಳಿ, ಆದ್ರೂ ಜನ ಬಂದು ನಿಂತಿರ್ತಾರೆ. ಹೊರಗೆ ಹೋದ ಆ ಹುಡುಗ್ರಿಗೆ ಯಾಕೆ ಹೋದ್ರಿ ಅಂತ ಊರೆಲ್ಲ ಕೇಳ್ತು.

ಎರಡು ವರ್ಷದ ಮೇಲೆ, 1991ರಲ್ಲಿ, ಟೊರಾಂಟೊ ಕಡೆ ಒಂದಿಷ್ಟು ಗಂಡಸರು ಸೇರಿ ಬಿಳಿ ರಿಬ್ಬನ್ ಅಭಿಯಾನ ಶುರು ಮಾಡಿದ್ರು. ನಾನು ಹೆಂಗಸರ ಮೇಲೆ ಹಿಂಸೆ ಮಾಡಲ್ಲ, ಮಾಡಿದ್ದನ್ನ ಒಪ್ಪಲ್ಲ, ಕಂಡಾಗ ಸುಮ್ಮನಿರಲ್ಲ ಅಂತ ಪ್ರತಿಜ್ಞೆ. ಮೊದ್ಲೆರಡಕ್ಕೆ ಎಲ್ರೂ ಸೈನ್ ಹಾಕ್ತಾರೆ, ಮೂರನೇದೇ ಕಷ್ಟ. ನಮ್ಮ ಆಫೀಸಲ್ಲೂ ರಿಬ್ಬನ್ ಹಂಚ್ತಾರೆ, ಕೋಟಿಗೆ ಚುಚ್ಕೊಂಡು ಫೋಟೋ ತೆಗೆಸ್ಕೊಂಡು ಮಧ್ಯಾಹ್ನ ಅದೇ ಹೆಂಡ್ತಿ ಜೋಕ್ ಹೇಳೋರನ್ನೂ ನೋಡಿದೀನಿ.

ಕೋರ್ಟ್ ಹಾಲ್ 7
ಮಂಜಣ್ಣ, ಒಂದು ತಕರಾರು. ಗನ್ ಮುಂದೆ ಹೊರಗೆ ಹೋದ ಹುಡುಗ್ರನ್ನೂ ವಂಟಮೂರೀಲಿ ನಿಂತಿದ್ದ ಗುಂಪನ್ನೂ ಒಂದೇ ಸಾಲಲ್ಲಿ ಇಡ್ಬೇಡಿ. ಅಲ್ಲಿ ಜೀವಭಯ. ಇಲ್ಲಿ ನಾಲ್ಕು ಜನ ಹೆಗಲು ಕೊಟ್ಟಿದ್ರೆ ನಿಲ್ತಿತ್ತು, ಕೊನೇಪಕ್ಷ ಎಲ್ರ ಜೇಬಲ್ಲೂ ಫೋನ್ ಇತ್ತು. ಗಂಡಸು ಅಂದ್ರೆ ಎದೆಯೊಡ್ಡಿ ಸಾಯ್ಬೇಕು ಅನ್ನೋದೂ ಅದೇ ಹಳೇ ಮೀಸೆ ಲೆಕ್ಕಾಚಾರವೇ.

ಮಾಂಟ್ರಿಯಲ್ ಮಂಜ
ಒಪ್ದೆ. ಗನ್ ಎದುರಿಗಿಲ್ದೇ ಇರೋವಾಗ ನಮ್ಮ ನೆಪ ಏನು ಅನ್ನೋದೇ ನನ್ನ ಪ್ರಶ್ನೆ.

ಕೆಂಪು ಬಸ್ ಕಂಡಕ್ಟ್ರು
ಎಲ್ರೂ ದೊಡ್ ದೊಡ್ ಮಾತು ಹೇಳ್ತಿದೀರ, ನಾನು ನನ್ನ ಡ್ಯೂಟಿ ಲೆವೆಲ್ಲಲ್ಲಿ ಹೇಳ್ತೀನಿ. 2023 ಜೂನ್ 11ರಿಂದ ಹೆಣ್ಮಕ್ಳಿಗೆ ಫ್ರೀ ಟಿಕೆಟ್ ಬಂದ್ಮೇಲೆ ಬಸ್ ಫುಲ್ ರಶ್, ಜೊತೆಗೆ "ಫ್ರೀ ಅಂತ ಬಂದ್ಬಿಡ್ತಾರೆ" ಅಂತ ಕೊಂಕು ಮಾತಾಡೋ ಗಂಡಸ್ರೂ ಜಾಸ್ತಿ. ರಶ್ಶಲ್ಲಿ ಮೈಮೇಲೆ ಬೀಳೋರು ಮೊದ್ಲಿಂದ್ಲೂ ಇದಾರೆ. ಹೊಸದಾಗಿ ಸೇರ್ದಾಗ ನಾನು ಕೂಗಾಡ್ತಿದ್ದೆ, ಆಗ ಏನಾಗೋದು ಅಂದ್ರೆ ಅವ್ನು ಉಲ್ಟಾ ಹೊಡೆಯೋನು, ಬಸ್ಸಲ್ಲಿರೋ ಐವತ್ತು ಜನ ಆ ಹುಡುಗೀನೇ ತಿರುಗಿ ತಿರುಗಿ ನೋಡೋರು, ಆ ಮಗು ಮುಂದಿನ ಸ್ಟಾಪಲ್ಲಿ ಇಳ್ಕೊಂಡು ಹೋಗ್ಬಿಡೋಳು.

ಈಗ ಸೀನಿಯರ್ ಒಬ್ರು ಹೇಳ್ಕೊಟ್ಟಿದ್ದನ್ನ ಮಾಡ್ತೀನಿ. ಟಿಕೆಟ್ ಮಿಷನ್ ಹಿಡ್ಕೊಂಡು ಸೀದಾ ಅವ್ರಿಬ್ರ ಮಧ್ಯ ಹೋಗಿ ನಿಂತ್ಕೊಳ್ಳೋದು, "ಅಣ್ಣ ನಿಂದು ಯಾವ ಸ್ಟಾಪು, ಟಿಕೆಟ್ ತೋರ್ಸು, ಹಿಂದೆ ಹೋಗು ಜಾಗ ಐತೆ" ಅನ್ನೋದು. ಇವಳಿಗೆ "ಬಾಮ್ಮಾ ಇಲ್ಲಿ ಕೂತ್ಕೋ" ಅಂತ ನನ್ನ ಸೀಟು ಬಿಟ್ಕೊಡೋದು. ಅಷ್ಟರಲ್ಲೇ ಅವನಿಗೆ ಅರ್ಥ ಆಗಿರುತ್ತೆ, ಕಂಡಕ್ಟ್ರು ನೋಡಿದಾನೆ ಅಂತ. ಆಮೇಲೆ ಮೆಲ್ಲಗೆ ಕೇಳ್ತೀನಿ, "ಕಂಪ್ಲೇಂಟ್ ಕೊಡ್ತೀಯೇನಮ್ಮಾ" ಅಂತ. ಹೂಂ ಅಂದ್ರೆ ಡ್ರೈವರ್‌ಗೆ ಹೇಳಿ ಗಾಡಿ ಸ್ಟೇಷನ್ ಮುಂದೆ ನಿಲ್ಸೋದು, ಪ್ಯಾಸೆಂಜರ್ಸ್ ಲೇಟಾಯ್ತು ಅಂತ ಬೈಕೊಂತಾರೆ, ಬೈಕೊಳ್ಳಿ. ಬೇಡ ಅಂದ್ರೆ ಬಲವಂತ ಮಾಡಲ್ಲ.

ಕಾಫಿ ಹೂವು
ಕಂಡಕ್ಟ್ರಣ್ಣ, ನಿಮ್ಮ ಕಾಮೆಂಟ್ ಪ್ರಿಂಟ್ ಹಾಕಿ ಎಲ್ಲಾ ಡಿಪೋದಲ್ಲಿ ಅಂಟಿಸ್ಬೇಕು. 2008ರಲ್ಲಿ ಬ್ರೇಕ್‌ಥ್ರೂ ಅನ್ನೋ ಸಂಸ್ಥೆ 'ಬೆಲ್ ಬಜಾವೊ' ಅಂತ ಜಾಹೀರಾತು ಮಾಡಿತ್ತು, ಟೀವೀಲಿ ಬರ್ತಿತ್ತು, ಕೆಲವ್ರಿಗೆ ನೆನಪಿರ್ಬೋದು. ಪಕ್ಕದ ಮನೇಲಿ ಹೊಡೆತ ಕೇಳಿದ ಗಂಡಸು ಹೋಗಿ ಬೆಲ್ ಒತ್ತಿ ಸ್ವಲ್ಪ ಹಾಲು ಕೊಡ್ತೀರಾ ಅಂತಾನೆ. ಭಾಷಣ ಇಲ್ಲ, ಫೈಟಿಂಗ್ ಇಲ್ಲ. ಹೊಡೀತಿರೋನಿಗೆ ಯಾರೋ ಕೇಳಿಸ್ಕೊಂಡಿದಾರೆ ಅಂತ ಗೊತ್ತಾದ್ರೆ ಆ ಹೊತ್ತಿಗೆ ಕೈ ನಿಲ್ಲುತ್ತೆ. ಮೇಲೆ ಹೇಳಿದ ಸಮೀಕ್ಷೇಲಿ ಇಡೀ ದೇಶದ ಲೆಕ್ಕ ನೋಡಿದ್ರೆ, ಹಿಂಸೆ ಅನುಭವಿಸಿದೋರಲ್ಲಿ ಸಹಾಯ ಕೇಳೋರು ಬರೀ 14%, ಯಾರಿಗೂ ಹೇಳ್ದೇನೇ ಇರೋರು 77%. ಅವ್ರಾಗಿ ಬಂದು ಹೇಳ್ಲಿ ಅಂತ ಕಾದ್ರೆ ಆಗಲ್ಲ.

ಲೆಗ್‌ಸ್ಪಿನ್ ಲೋಕಿ
ಅಪ್ಡೇಟ್. ಕಡಲ ತಡಿ ಅಕ್ಕ ಹೇಳಿದ ಹಾಗೇ ಮಾಡ್ದೆ. ಪ್ರಾಕ್ಟೀಸ್ ಮುಗಿದ್ಮೇಲೆ ಕಿಟ್ ಬ್ಯಾಗ್ ತುಂಬೋವಾಗ ಅವ್ನೊಬ್ಬನೇ ಇದ್ದ, ಟ್ರಿಪ್ಪಲ್ಲಿ ನೀನಂದಿದ್ದು ನಂಗೆ ಹಿಡಿಸ್ಲಿಲ್ಲ ಕಣೋ ಅಂದೆ. ಮೊದ್ಲು ನಕ್ಕ, ಲೇ ತಮಾಷೆಗೆ ಅಂದಿದ್ದು ಅಂದ. ತಮಾಷೆ ಅನ್ನಿಸ್ಲಿಲ್ಲ, ನೀನು ನಿಜವಾಗ್ಲೂ ಕೈ ಎತ್ತೋದಾದ್ರೆ ಅದು ನಿಲ್ಬೇಕು, ಕೋಪ ಬಂದ್ರೆ ಎಷ್ಟೊತ್ತಿಗಾದ್ರೂ ನಂಗೆ ಫೋನ್ ಮಾಡು ಬಂದು ಕರ್ಕೊಂಡು ಹೋಗ್ತೀನಿ ಅಂದೆ. "ನೀನು ಹೆಂಡ್ತಿ ಗುಲಾಮ ಆಗಿದ್ರೆ ನಾನೂ ಆಗ್ಬೇಕಾ" ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೋದ. ಗ್ರೂಪಿಂದ ಲೆಫ್ಟ್ ಆದ. ಆಮೇಲೆ ಮತ್ತೆ ಸೇರ್ಕೊಂಡಿದಾನೆ, ಆಟಕ್ಕೂ ಬರ್ತಿದಾನೆ, ನನ್ನತ್ರ ಮಾತು ಮಾತ್ರ ಅಷ್ಟಕ್ಕಷ್ಟೇ. ಏನಾದ್ರೂ ಬದಲಾಗಿದ್ಯಾ ಗೊತ್ತಿಲ್ಲ. ಕ್ಯಾಪ್ಟನ್ ಮಾತ್ರ ಗ್ರೂಪಲ್ಲಿ ಇನ್ಮೇಲೆ ಹೆಂಡ್ತಿ ಜೋಕ್ ಹಾಕ್ಬೇಡ್ರಪ್ಪ ಅಂತ ಮೆಸೇಜ್ ಹಾಕ್ದ, ಮೂರು ಥಂಬ್ಸ್ ಅಪ್ ಬಂತು, ಇನ್ನುಳಿದೋರು ಸೈಲೆಂಟು. ಆ ಕಡೆ ಆ ಫ್ರೆಂಡ್ ಹೆಂಡ್ತಿಗೆ ಸಹಾಯದ ನಂಬರ್‌ಗಳು ತಲುಪಿವೆ.

ಕೋರ್ಟ್ ಹಾಲ್ 7
ಲೋಕಿ, ಅಲ್ಲಿಗೆ ನಿಲ್ಸಿ. ಅವ್ರು ಏನ್ ಮಾಡ್ತಿದಾರೆ, ಯಾರನ್ನ ಕಾಂಟ್ಯಾಕ್ಟ್ ಮಾಡ್ತಿದಾರೆ ಅನ್ನೋದು ಇಲ್ಲಿ ಬರೀಬೇಡಿ. ನಿಮ್ಮ ಟೀಮಿನೋರೇ ಯಾರಾದ್ರೂ ಈ ಥ್ರೆಡ್ ಓದ್ತಿರ್ಬೋದು. ಊರು, ಗ್ರೌಂಡು, ಯಾವ್ದೂ ಬೇಡ.

ಲೆಗ್‌ಸ್ಪಿನ್ ಲೋಕಿ
ಸರಿ ಸಾರ್. ನಿಲ್ಸಿದೀನಿ.

ಗೌಡ್ರ ಗತ್ತು
ಹೇಳಿರ್ಲಿಲ್ವಾ, ಕೆಟ್ಟೋನು ನೀನಾದೆ.

ಕಡಲ ತಡಿ ಅಕ್ಕ
ಆಗ್ಲಿ ಗೌಡ್ರೇ, ಎಂತ ಆಯ್ತೀಗ? ಒಬ್ಬ ಫ್ರೆಂಡ್ ಮುಖ ಊದಿಸ್ಕೊಂಡ, ಅಷ್ಟೇ ತಾನೇ? ಅವಳ ಮುಖ ಊದಿಕೊಳ್ಳೋದಕ್ಕಿಂತ ಅದು ಸಸ್ತಾ.

ಪಿಟಿ ಮೇಷ್ಟ್ರು
ತಡವಾಗಿ ಓದಿದೆ. ಸರ್ಕಾರಿ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು ನಾನು. ನನ್ನ ಪ್ರಶ್ನೆ ಬೇರೆ, ಮೂವತ್ತೈದು ದಾಟಿದೋನಿಗೆ ಬುದ್ಧಿ ಹೇಳೋದು ಎಷ್ಟು ಕಷ್ಟ ಅಂತ ಮೇಲೆಲ್ಲ ಕಾಣಿಸ್ತಿದೆ. ನನ್ನ ಹತ್ರ ಇರೋರು ಹದಿಮೂರು ಹದಿನಾಲ್ಕರ ಹುಡುಗ್ರು. ಈಗಲೇ "ಹುಡುಗಿ ಥರ ಎಸೀಬೇಡ್ವೋ", ರಿಪ್ಲೈ ಕೊಡದ ಹುಡುಗಿಗೆ ಕೆಟ್ಟ ಹೆಸ್ರು ಇಡೋದು, ಎಲ್ಲಾ ಶುರುವಾಗಿದೆ. 2024ರ ಏಪ್ರಿಲ್ ಮೇ ತಿಂಗಳಲ್ಲಿ ಹುಬ್ಬಳ್ಳೀಲಿ ಒಂದರ ಹಿಂದೆ ಒಂದು ಇಬ್ರು ಹುಡುಗೀರ ಕೊಲೆ ಆದಾಗ, ಬೇಡ ಅಂದಿದ್ದಕ್ಕೆ ಚಾಕು ಹಾಕಿದ ಅಂತ ಸುದ್ದಿ ಓದಿ ನಮ್ಮ ಹುಡುಗನೊಬ್ಬ "ಅವಳೂ ಏನೋ ಮಾಡಿರ್ತಾಳೆ ಸಾರ್" ಅಂದ. ನಂಗೆ ಉತ್ತರ ಹೊಳೀಲಿಲ್ಲ, ಲೆಕ್ಚರ್ ಕೊಟ್ರೆ ಆ ವಯಸ್ಸಲ್ಲಿ ಕಿವಿಗೆ ಹಾಕ್ಕೊಳ್ಳಲ್ಲ. ಯಾರಾದ್ರೂ ಇಂಥದ್ದು ಮಾಡಿದೀರಾ?

ಮಾಂಟ್ರಿಯಲ್ ಮಂಜ
ಮೇಷ್ಟ್ರೇ, ಅಮೆರಿಕದಲ್ಲಿ ಹೈಸ್ಕೂಲ್ ಕೋಚ್‌ಗಳ ಕೈಲೇ ಇದನ್ನ ಮಾಡಿಸೋ ಕಾರ್ಯಕ್ರಮ ಇದೆ. ವಾರಕ್ಕೊಂದ್ಸಲ ಪ್ರಾಕ್ಟೀಸ್ ಜೊತೆಗೆ 10-15 ನಿಮಿಷ ಮಾತು, ಅಷ್ಟೇ. ಕೋಚ್ ಕೈಗೆ ಒಂದಿಷ್ಟು ಕಾರ್ಡ್ ಕೊಟ್ಟಿರ್ತಾರೆ, ಈ ವಾರ ಬೈಗುಳದ ಬಗ್ಗೆ, ಮುಂದಿನ ವಾರ ಬೇರೆಯವರ ಒಪ್ಪಿಗೆ ಬಗ್ಗೆ, ಹಾಗೆ. ಪರೀಕ್ಷೆ ಮಾಡಿ ನೋಡಿದಾಗ, ಫ್ರೆಂಡ್ ತಪ್ಪು ಮಾಡ್ತಿದ್ರೆ ತಡೆಯೋ ಹುಡುಗ್ರು ಜಾಸ್ತಿ ಆಗಿದ್ರು. ಅದನ್ನೇ ಮುಂಬೈಗೆ ತಂದು ಕ್ರಿಕೆಟ್ ಕೋಚ್‌ಗಳ ಮೂಲಕ 'ಪರಿವರ್ತನ್' ಅಂತ ಮಾಡಿದ್ರು. ಮುಂಬೈಯಲ್ಲೇ ಮಾವಾ ಅಂತ ಗಂಡಸರದ್ದೇ ಸಂಘಟನೆ ಇದೆ, 1993ರಿಂದ, ಕಾಲೇಜ್ ಹುಡುಗ್ರ ಜೊತೆ ಕೆಲಸ ಮಾಡ್ತಾರೆ.

ಪಿಟಿ ಮೇಷ್ಟ್ರು
ಹತ್ತು ನಿಮಿಷ ಅಂದ್ರೆ ಆಗುತ್ತೆ, ವಾರ್ಮಪ್ ಮುಗಿಸಿ ಕೂರಿಸ್ಕೊಂಡ್ರೆ ಆಯ್ತು. ಆದ್ರೆ ಹೆಚ್ಚೆಮ್ಮು ಸಿಲಬಸ್ಸಲ್ಲಿ ಇದ್ಯಾ ಅಂತಾರೆ, ಪೇರೆಂಟ್ಸ್ ಯಾರಾದ್ರೂ ಬಂದು ಮಕ್ಳಿಗೆ ಇವೆಲ್ಲ ಯಾಕೆ ಹೇಳ್ತೀರಿ ಅಂತ ಗಲಾಟೆ ಮಾಡಿದ್ರೆ?

ಕಾಫಿ ಹೂವು
ಹೆಸರು ಬೇರೆ ಇಡಿ ಮೇಷ್ಟ್ರೇ, ಶಿಸ್ತು ಅಂತನೋ ಟೀಮ್ ಸ್ಪಿರಿಟ್ ಅಂತನೋ. ಮೊದಲ ವಾರ ಹುಡುಗೀರ ಬಗ್ಗೆ ಮಾತೇ ಎತ್ಬೇಡಿ. ಸೋತಾಗ ಏನ್ ಮಾಡ್ತೀರಿ, ಕೋಪ ಬಂದಾಗ ಏನ್ ಮಾಡ್ತೀರಿ, ಯಾರಾದ್ರೂ ಬೇಡ ಅಂದ್ರೆ ಹೇಗನ್ಸುತ್ತೆ, ಇದನ್ನ ಕೇಳಿ. ಮನೇಲಿ ಅಪ್ಪ ಅಮ್ಮನ್ನ ಹೊಡೆಯೋದನ್ನ ನೋಡಿ ಬರೋ ಹುಡುಗ್ರೂ ಅದೇ ಸಾಲಲ್ಲಿ ಕೂತಿರ್ತಾರೆ, ನೆನಪಿರ್ಲಿ. ಯಾರಾದ್ರೂ ಆಮೇಲೆ ಒಬ್ಬನೇ ಬಂದು ಹೇಳಿದ್ರೆ 1098 ಇದೆ, ಮಕ್ಕಳ ಸಹಾಯವಾಣಿ. ಅದನ್ನ ಪಿಟಿ ರೂಮ್ ಬಾಗಿಲ ಮೇಲೆ ಬರೆಸಿ, ಅದಕ್ಕೆ ಯಾರೂ ಬೇಡ ಅನ್ನಲ್ಲ.

ಪಿಟಿ ಮೇಷ್ಟ್ರು
ಬಾಗಿಲಿಗೆ ಪೇಂಟ್ ಹೇಗಿದ್ರೂ ಬಳೀಬೇಕಿತ್ತು. ಎಂಟನೇ ಕ್ಲಾಸಿಂದ ಶುರು ಮಾಡ್ತೀನಿ, ಒಂಬತ್ತರೋರು ಕಬಡ್ಡಿ ಸೆಲೆಕ್ಷನ್ ಗಲಾಟೇಲಿ ಇದಾರೆ. ಮಂಜಣ್ಣ, ಆ ಕಾರ್ಡಲ್ಲಿ ಏನೇನು ವಿಷಯ ಇರುತ್ತೆ ಅಂತ ಕನ್ನಡದಲ್ಲಿ ಸ್ವಲ್ಪ ಬರೆದು ಮೆಸೇಜ್ ಮಾಡ್ತೀರಾ?

ಮಾಂಟ್ರಿಯಲ್ ಮಂಜ
ವೀಕೆಂಡ್ ಒಳಗೆ ಕಳಿಸ್ತೀನಿ ಮೇಷ್ಟ್ರೇ. ನನ್ನ ಕನ್ನಡ ಬರವಣಿಗೆ ಸ್ವಲ್ಪ ತುಕ್ಕು ಹಿಡಿದಿದೆ, ಕಾಫಿ ಹೂವು ಅವ್ರು ತಿದ್ದಿಕೊಡ್ಲಿ.